ಅನುಬಂಧ ಮೂರು

ನಲವತ್ತೊಂದು ವರದಿ ಓದಿ ಮುಗಿಸಿದ್ದೆ,
ನಲವತ್ತೊಂದರಲ್ಲೂ ಅದೇ ನಾಲ್ಕು ಚೌಕ:
ಬಲ, ದೌರ್ಬಲ್ಯ, ಅವಕಾಶ, ಬೆದರಿಕೆ.
ಒಬ್ಬನಂತೂ ಹೋದ ವರ್ಷದವನ ಹೆಸರು
ಅಳಿಸುವುದನ್ನೂ ಮರೆತಿದ್ದ.
ಚಿಕ್ಕಬಳ್ಳಾಪುರದ ಹೆದ್ದಾರಿ ಪಕ್ಕ ನಮ್ಮ ಹೋರ್ಡಿಂಗಿನಲ್ಲಿ
ಟೈ ಕಟ್ಟಿದ ಹುಡುಗ, ಎಲ್ಲಿಯವನೋ, ನಗುತ್ತಿದ್ದ:
‘ಮೊದಲ ದಿನದಿಂದಲೇ ಉದ್ಯಮಕ್ಕೆ ಸಿದ್ಧ’.

ನಲವತ್ತೆರಡನೆಯದು ವಾಸನೆ ಹೊಡೆಯುತ್ತಿತ್ತು.
ಬೇಯಿಸಿದ ಹುಳುವಿನ ವಾಸನೆ; ಶಿಡ್ಲಘಟ್ಟದ ಬಸ್ಸಿನಲ್ಲಿ
ಓಡಾಡಿದವರಿಗೆ ಹೇಳಬೇಕಿಲ್ಲ.
ಗುಮಾಸ್ತ ಎರಡೇ ಬೆರಳಲ್ಲಿ ಹಿಡಿದು ತಂದು
‘ಸಾರ್, ಇದು ಸುಮೇರಾದು’ ಅಂದ.

ಅವಳು ಮೊದಲೇ ಕೇಳಿದ್ದಳು:
ಎಂಟು ವಾರ ಯಾವುದಾದರೂ ಕಂಪನಿಯಲ್ಲಿ ಇರಬೇಕಂತಲ್ಲ,
ನಮ್ಮನೆ ನೂಲು ಬಿಚ್ಚಾಣಿಕೆ ಘಟಕ ಆಗುತ್ತಾ?
ಲೆಟರ್‌ಹೆಡ್ ಇದೆಯೇನಮ್ಮ, ಎಂದೆ. ಸೀಲು?
ನಿಯಮ ನನ್ನದಲ್ಲ, ವಿಶ್ವವಿದ್ಯಾಲಯದ್ದು.
ಮೂರನೇ ದಿನ ಎರಡೂ ತಂದಳು.
‘ಖಲೀಲ್ ಸಿಲ್ಕ್ ರೀಲಿಂಗ್’, ಕೆಳಗೊಂದು ಚಿಟ್ಟೆ.
ಪ್ರೆಸ್ಸಿನವನ ಕಂಪ್ಯೂಟರಿನಲ್ಲಿ ರೇಷ್ಮೆ ಹುಳು ಇರಲಿಲ್ಲವಂತೆ.

ಕಾಸ್ಟಿಂಗ್ ಕಲಿಸಿ ಹದಿನೆಂಟು ವರ್ಷವಾಯಿತು ನನಗೆ.
ಬೋರ್ಡಿನ ಮೇಲೆ ನನ್ನದೊಂದು ಕುರ್ಚಿ ಕಾರ್ಖಾನೆ ಇದೆ,
ಅದರಲ್ಲಿ ಇವತ್ತಿನವರೆಗೆ ಯಾರೂ ಬೆವರಿಲ್ಲ.
ಇವಳ ಎರಡನೇ ಅಧ್ಯಾಯದಲ್ಲಿ ಬೆಳಗಿನ ಇ-ಹರಾಜು;
ಮೊಬೈಲಿನಲ್ಲಿ ಎರಡು ರೂಪಾಯಿ ಏರಿಸಲೋ ಬೇಡವೋ ಎಂದು
ಅಬ್ಬಾ ಲಾಟಿನ ಗೂಡೊಂದನ್ನು
ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ,
ಒಳಗೆ ಹುಳು ಲೊಟಲೊಟ ಅಂದರೆ ಸರಿ,
ಅಂಟಿಕೊಂಡಿದ್ದರೆ ನೂಲು ತುಂಡು ತುಂಡು.
ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು.
ಸೌದೆ, ನೀರಿನ ಟ್ಯಾಂಕರು, ಕರೆಂಟು, ಇಬ್ಬರ ಕೂಲಿ.
ಬೆಂದ ಹುಳು ಮಾರಿದ ಕಾಸನ್ನೂ ಬಿಡದೆ ಜಮೆ ಹಿಡಿದು
ಕೊನೆಗೆ: ಕೆಜಿಗೆ ತೊಂಬತ್ತೆರಡು ರೂಪಾಯಿ ಲಾಭ.

ಚೆನ್ನಾಗಿದೆ ಎಂದು ಟಿಕ್ ಹಾಕುವಷ್ಟರಲ್ಲಿ
ಪೆನ್ಸಿಲಿನಲ್ಲಿ, ಸಣ್ಣಗೆ: ‘ಅನುಬಂಧ ಮೂರು ನೋಡಿ’.

ಜಬೀನ್ ತಾಜ್. ಬಿಸಿನೀರಿನ ಬೇಸಿನ್ನಿನ ಮುಂದೆ
ನಸುಕಿನ ಐದರಿಂದ. ನಡುವೆ ಎರಡು ಸಲ ಅಡುಗೆ, ಆ ಹೊತ್ತು ಕಳೆಯಲಾಗಿದೆ.
ಪೇಟೆಯ ಕೂಲಿ ದರ ದಿನಕ್ಕೆ ನಾನೂರ ಮೂವತ್ತೆರಡು,
ದಿನದ ನೂಲು ನಾಲ್ಕು ಕೆಜಿ, ಭಾಗಿಸಿದರೆ ನೂರೆಂಟು.
ಕೆಜಿಗೆ ಹದಿನಾರು ರೂಪಾಯಿ ನಷ್ಟ.

ವೈವಾಕ್ಕೆ ಉದ್ಯಮದಿಂದಲೇ ಒಬ್ಬರನ್ನು ಕರೆಸಿದ್ದೆವು,
ಬಿಡಿಭಾಗದ ಫ್ಯಾಕ್ಟರಿಯ ಮ್ಯಾನೇಜರು. ಊಟದ ಹೊತ್ತು ಮೀರಿತ್ತು.
‘ಮನೆಯವರಿಗೆ ಯಾರಮ್ಮ ಕೂಲಿ ಹಾಕ್ತಾರೆ?’
‘ಸೆಕೆಂಡ್ ಸೆಮ್ಮಲ್ಲಿ ಸಾರೇ ಹೇಳಿದ್ರು,
ಕೈಬಿಟ್ಟು ಹೋಗದ ದುಡ್ಡೂ ಖರ್ಚೇ ಅಂತ.’
ಹೇಳಿದ್ದೆ. ಕುರ್ಚಿ ಕಾರ್ಖಾನೆಯ ಮಾಲೀಕನ
ಸ್ವಂತ ಕಟ್ಟಡದ ಬಾಡಿಗೆಗೆ ಹೇಳಿದ್ದೆ.
‘ಹಾಗಾದ್ರೆ ಘಟಕ ಮುಚ್ಚಬೇಕು ಅಂತೀಯಾ?’
‘ಇಲ್ಲ ಸಾರ್. ಹತ್ತೊಂಬತ್ತು ವರ್ಷದಿಂದ ಅಮ್ಮಿ
ದಿನಾ ಅಷ್ಟು ಸಾಲ ಕೊಡ್ತಾ ಇದಾರೆ.
ಬಡ್ಡಿ ಇಲ್ಲ. ಲೆಡ್ಜರಿನಲ್ಲಿ ಹೆಸರು ಬರೀಬೇಕು, ಅಷ್ಟೇ.’

ಮ್ಯಾನೇಜರು ನೀರು ಕುಡಿದರು. ನಾನೂ ಕುಡಿದೆ.

ಮನೆಯಲ್ಲಿ ತೋರಿಸಿದೆಯಾ, ಕೇಳಿದೆ.
ಅಬ್ಬಾ ಮೊದಲು ನಕ್ಕರಂತೆ. ಆಮೇಲೆ ಕ್ಯಾಲ್ಕುಲೇಟರ್ ಇಸಿದುಕೊಂಡು
ಹತ್ತೊಂಬತ್ತರಿಂದ ಗುಣಿಸಲು ಹೋಗಿ
ಅರ್ಧಕ್ಕೇ ಆಫ್ ಮಾಡಿಟ್ಟರಂತೆ.
ಮತ್ತೆ ನಿಮ್ಮಮ್ಮಿ?
‘ಜಾಸ್ತಿ ಆಯ್ತು, ಮುನ್ನೂರು ಬರಿ ಅಂದ್ರು.
ಈಚೆಗೆ ಕೈ ನಿಧಾನವಂತೆ.’

ಮೂವತ್ತಕ್ಕೆ ಇಪ್ಪತ್ತೇಳು ಕೊಟ್ಟೆವು.
ಗ್ರಂಥಸೂಚಿ ಇರಲಿಲ್ಲ.
‘ಉದ್ಯಮದ ಮಾರ್ಗದರ್ಶಕರು’ ಎಂಬಲ್ಲಿ, ಚಿಟ್ಟೆಯ ಸೀಲಿನ ಮೇಲೆ,
ಉರ್ದುವಿನಲ್ಲಿ ಒಂದು ಸಹಿ,
ಒದ್ದೆ ಬೆರಳಿಗೆ ಶಾಯಿ ಸ್ವಲ್ಪ ಹರಡಿತ್ತು.

ಐದು ವರ್ಷ ಇಟ್ಟಿರಬೇಕು ಎಲ್ಲ ವರದಿ, ಅದೂ ನಿಯಮ.
ಗುಮಾಸ್ತ ಬೀರು ತೆಗೆದಾಗಲೆಲ್ಲ
ಮೂಗಿಗೆ ಕರ್ಚೀಫು ಹಿಡಿದು ಗೊಣಗುತ್ತಾನೆ:
ಆ ಒಂದನ್ನು ಬೇರೆ ಇಡೋಣ ಅಂದ್ರೂ ಈಗ
ಉಪಯೋಗವಿಲ್ಲ ಸಾರ್, ನಲವತ್ತೊಂದಕ್ಕೂ ಹತ್ತಿಬಿಟ್ಟಿದೆ.